ಸಲಹೆ ಯಾರಿಗೆ? ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಯುವಜನ ಸಲಹಾ ಮಂಡಳಿ ಕಟ್ಟಿದ ಕಥೆ

ಮೊದಲ ಸಭೆಯ ನಡಾವಳಿ ನನ್ನ ಹತ್ತಿರ ಇನ್ನೂ ಇದೆ. ಎರಡು ಪುಟ, ಕೆಳಗೆ ದುಂಡು ಮೊಹರು. ಏಳು ನಿರ್ಣಯಗಳಲ್ಲಿ ಐದು ಹೀಗಿವೆ: ವಿದ್ಯಾರ್ಥಿಗಳು ಮೊಬೈಲ್ ಗೀಳಿನಿಂದ ದೂರವಿರತಕ್ಕದ್ದು, ಯುವಕರು ದುಶ್ಚಟಗಳಿಗೆ ಬಲಿಯಾಗತಕ್ಕದ್ದಲ್ಲ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಈಗಿನಿಂದಲೇ ತಯಾರಿ ನಡೆಸತಕ್ಕದ್ದು, ರಾಷ್ಟ್ರೀಯ ಹಬ್ಬಗಳಿಗೆ ತಪ್ಪದೆ ಹಾಜರಾಗತಕ್ಕದ್ದು, ಕಾಲೇಜಿನ ಆವರಣವನ್ನು ಸ್ವಚ್ಛವಾಗಿ ಇಟ್ಟುಕೊಳ್ಳತಕ್ಕದ್ದು. ಆರನೆಯದು, ಮುಂದಿನ ಸಭೆಯ ದಿನಾಂಕವನ್ನು ನಂತರ ತಿಳಿಸಲಾಗುವುದು. ಏಳನೆಯದು ವಂದನಾರ್ಪಣೆ. ಆಡಳಿತಕ್ಕೆ ಸಲಹೆ ಕೊಡಲಿ ಎಂದು ಕಟ್ಟಿದ ಮಂಡಳಿ ವಿದ್ಯಾರ್ಥಿಗಳಿಗೆ ಬುದ್ಧಿ ಹೇಳಿ ಎದ್ದುಹೋಗಿತ್ತು.

ನಾನು ಆ ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವನು, ಜತೆಗೆ ಎನ್ನೆಸ್ಸೆಸ್ ಅಧಿಕಾರಿ. ಮಂಡಳಿಯ ಕರಡು ಬರೆದವರಲ್ಲಿ ನಾನೂ ಒಬ್ಬ. ಹಾಗಾಗಿ ಆ ಎರಡು ಪುಟಗಳಲ್ಲಿ ನನ್ನ ಪಾಲೂ ಇದೆ. ಊರಿನ ಹೆಸರು, ಜನರ ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಹೆಸರು ಹಾಕಿದರೆ ಓದುವವರು ವಿಷಯ ಬಿಟ್ಟು ಹೆಸರನ್ನೇ ಹಿಡಿಯುತ್ತಾರೆ.

ತಾಲ್ಲೂಕಿನ ಅರ್ಧಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹತ್ತುತ್ತದೆ, ಅಲ್ಲಿ ಭತ್ತ. ಇನ್ನರ್ಧ ಮಳೆ ನಂಬಿದ ಎರೆಹೊಲ, ಅಲ್ಲಿ ಹತ್ತಿ, ತೊಗರಿ. ನೀರಿಲ್ಲದ ಕಡೆಯ ಹಳ್ಳಿಗಳಿಂದ ಬೇಸಿಗೆಗೆ ಗುಳೆ ಹೋಗುವುದು ಹೊಸದಲ್ಲ; ಮನೆಮಂದಿಯೆಲ್ಲ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಿ, ಕಾಲೇಜು ಓದುವ ಮಗಳೊಬ್ಬಳು ಅಜ್ಜಿಯ ಜತೆ ಊರಲ್ಲಿ ಉಳಿದ ಮನೆಗಳು ಎಷ್ಟೋ ಇವೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75.36 ಇದ್ದಾಗ ರಾಯಚೂರು ಜಿಲ್ಲೆಯದು 59.56, ಹೆಣ್ಣುಮಕ್ಕಳದ್ದು ಐವತ್ತಕ್ಕೂ ಕಡಿಮೆ. ಈಗ ನನ್ನ ತರಗತಿಯಲ್ಲಿ ಕೂತಿರುವ ಹುಡುಗಿಯರಲ್ಲಿ ಬಹಳ ಮಂದಿ ತಮ್ಮ ಮನೆಯಲ್ಲಿ ಪದವಿ ಮೆಟ್ಟಿಲು ಹತ್ತಿದ ಮೊದಲಿಗರು. ಅವರಿಗೆ ಏನು ಬೇಕು ಎಂದು ಕೇಳಿ ತಿಳಿದುಕೊಳ್ಳುವ ಒಂದು ಜಾಗವೂ ಆಡಳಿತದಲ್ಲಿ ಇರಲಿಲ್ಲ.

ಇದು ಸ್ವಲ್ಪ ವಿಚಿತ್ರವೇ. ಶಾಲೆ ಮಕ್ಕಳಿಗೆ ಮಕ್ಕಳ ಗ್ರಾಮಸಭೆ ಇದೆ. ಹನ್ನೆರಡು ವರ್ಷದ ಹುಡುಗಿ ಮೈಕ್ ಹಿಡಿದು ಪಿಡಿಒ ಅವರನ್ನು ಶೌಚಾಲಯದ ನೀರು ಯಾಕಿಲ್ಲ ಎಂದು ಕೇಳಿದ್ದನ್ನು ನಾನೇ ನೋಡಿದ್ದೇನೆ. ಅದೇ ಹುಡುಗಿ ಕಾಲೇಜಿಗೆ ಬಂದರೆ ಬಾಯಿ ಬಂದ್. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತದ್ದೂ ಅದೇ ಆಸುಪಾಸಿನಲ್ಲಿ. ವಿಧಾನಸಭೆಗೆ ಓಟು ಹಾಕಬಹುದು, ಕಾಲೇಜಿನ ಕಾರ್ಯದರ್ಶಿಗೆ ಹಾಕುವಂತಿಲ್ಲ. ಸರ್ಕಾರಿ ಪದವಿ ಕಾಲೇಜಿಗೆ ಶಾಸಕರ ಅಧ್ಯಕ್ಷತೆಯ ಅಭಿವೃದ್ಧಿ ಸಮಿತಿ ಇದೆ, ಅಲ್ಲಿ ಮಾತು ಬಹುಪಾಲು ಕಟ್ಟಡದ್ದೇ. ಮೂರು ತಿಂಗಳಿಗೊಮ್ಮೆ ಕೆಡಿಪಿ ಎಂಬ ಪ್ರಗತಿ ಪರಿಶೀಲನಾ ಸಭೆ ನಡೆಯುತ್ತದೆ. ಇಲಾಖೆಗಳ ಪ್ರಗತಿ ಓದಿ ಮುಗಿಸುವ ಹೊತ್ತಿಗೆ ಊಟದ ಸಮಯ. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಒಂದೇ ವರಾಂಡದಲ್ಲಿ ಅಕ್ಕನಿಗೊಂದು ಪಠ್ಯ, ತಂಗಿಗೊಂದು. ತರುವಾಗಲೂ ತೆಗೆಯುವಾಗಲೂ ನಮ್ಮ ಮಕ್ಕಳನ್ನು ಕೇಳಿದವರಿಲ್ಲ.

ಮೊದಲ ಪಟ್ಟಿ

ಮಂಡಳಿಯ ಯೋಚನೆ ಹುಟ್ಟಿದ್ದು ಸಹಾಯಕ ಆಯುಕ್ತರ (ಎಸಿ) ಕಚೇರಿಯಲ್ಲಿ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371-ಜೆ ಅರ್ಹತಾ ಪ್ರಮಾಣಪತ್ರ ಕೊಡುವುದು ಆ ಕಚೇರಿಯೇ ಆದ್ದರಿಂದ ಸೀಟು ಹಂಚುವ ಕಾಲಕ್ಕೆ ಅಲ್ಲಿ ಹುಡುಗರ ಜಾತ್ರೆ. ಆಗ ಇದ್ದ ಎಸಿ ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಕಟಕಟೆಯ ಆಚೆ ನಿಂತವರನ್ನು ಮಾತಾಡಿಸುವ ಅಭ್ಯಾಸದವರು. ಒಂದು ದಿನ ನಮ್ಮ ಪ್ರಾಂಶುಪಾಲರಿಗೆ ಫೋನು ಬಂತು. "ಹುಡುಗ್ರು ಬಂದು ನಿಮ್ಮ ಕಾಲೇಜಿನ ಕಷ್ಟ ನನಗ ಹೇಳ್ತಾರ, ನಿಮಗ ಹೇಳಂಗಿಲ್ಲೇನ್ರಿ?" ಪ್ರಾಂಶುಪಾಲರು ನನ್ನ ಮುಖ ನೋಡಿದರು. ಅಲ್ಲಿಂದ ಕರಡು ನನ್ನ ತಲೆಗೆ.

ನಾನು ಹಳೆಯ ಸಮಿತಿಗಳ ಆದೇಶ ಮುಂದಿಟ್ಟುಕೊಂಡು ಬರೆದೆ. ಅದೇ ತಪ್ಪಾಯಿತು. ಇಪ್ಪತ್ತೊಂದು ಸದಸ್ಯರು. ಒಂಬತ್ತು ಜನ ಪದನಿಮಿತ್ತ ಅಧಿಕಾರಿಗಳು. ನಾಲ್ವರು ಪ್ರಾಂಶುಪಾಲರು. 'ಯುವ ಪ್ರತಿನಿಧಿಗಳು' ಆರು. ವಿದ್ಯಾರ್ಥಿಗಳು ಎರಡು. ಪಟ್ಟಿ ತುಂಬಿ ಬಂದಾಗ ಆ ಆರು ಯುವಕರಲ್ಲಿ ಇಬ್ಬರು ಗುತ್ತಿಗೆದಾರರು, ಒಬ್ಬರು ಪಕ್ಷದ ಯುವ ಘಟಕದವರು, ಒಬ್ಬರು ಹಿಂದೊಮ್ಮೆ ಕಬಡ್ಡಿಯಲ್ಲಿ ಪದಕ ಗೆದ್ದು ಈಗ ಮಗಳನ್ನು ಪಿಯುಗೆ ಸೇರಿಸಿದವರು. 2014ರ ರಾಷ್ಟ್ರೀಯ ಯುವ ನೀತಿ ಯುವಜನ ಎಂದರೆ 15ರಿಂದ 29 ವರ್ಷ ಎನ್ನುತ್ತದೆ. ನಮ್ಮ ಆರರಲ್ಲಿ ಆ ಗೆರೆಯ ಒಳಗಿದ್ದವನು ಒಬ್ಬನೇ. ಇನ್ನು ವಿದ್ಯಾರ್ಥಿಗಳಿಬ್ಬರು ಅಂಕಪಟ್ಟಿಯ ಮೇಲಿನ ಸಾಲಿನಿಂದ ಆರಿಸಿದವರು. ಅವರಲ್ಲಿ ಒಬ್ಬ ಆಗಲೇ ಕೋಚಿಂಗಿಗೆಂದು ಧಾರವಾಡ ಸೇರಿದ್ದ.

ಸಭೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ತರಗತಿ ನಡೆಯುವ ಹೊತ್ತು. ಶಾಲು, ಹಾರ, ಸ್ವಾಗತದಲ್ಲಿ ನಲವತ್ತು ನಿಮಿಷ ಹೋಯಿತು. ಉಳಿದ ಒಬ್ಬಳೇ ವಿದ್ಯಾರ್ಥಿನಿಗೆ ಮೂರು ನಿಮಿಷ ಸಿಕ್ಕಿತು. ಸಂಜೆ ಬಸ್ಸಿನ ವಿಷಯ ಎತ್ತಿದಳು. "ಅದು ಸಾರಿಗೆಯವರ ವಿಷಯ, ಇಲ್ಲಿ ಬ್ಯಾಡ" ಎಂದು ಯಾರೋ ಅಂದರು. ಸಾರಿಗೆಯವರು ಆ ಇಪ್ಪತ್ತೊಂದರಲ್ಲಿ ಇರಲೇ ಇಲ್ಲ. ನಡಾವಳಿಯಲ್ಲಿ ಅವಳ ಮಾತು ಬರಲಿಲ್ಲ, ಮೊಬೈಲ್ ಗೀಳು ಬಂತು.

ಚೀಟಿ

ನಡಾವಳಿ ಓದಿದ ಎಸಿ ಸಾಹೇಬರು ನಕ್ಕರು, ಆಮೇಲೆ ಬೇಸರ ಮಾಡಿಕೊಂಡರು. "ಮತ್ತೊಮ್ಮೆ ಬರೀರಿ. ಈ ಸಲ ಹುಡುಗ್ರ ಮುಂದ ಕೂತು ಬರೀರಿ."

ನಾಲ್ಕು ಕಾಲೇಜು, ಒಂದು ಐಟಿಐ, ಎರಡು ಹಾಸ್ಟೆಲ್ ಸುತ್ತಿದೆ. ಎಲ್ಲ ಕಡೆಯೂ ಮೊದಲ ಪ್ರಶ್ನೆ ಒಂದೇ: ಸದಸ್ಯರನ್ನು ಆರಿಸುವವರು ಯಾರು? ಚುನಾವಣೆ ಎಂದರೆ ಪ್ರಾಂಶುಪಾಲರು ಬೆಚ್ಚುತ್ತಾರೆ. ನಾಮಕರಣ ಎಂದರೆ ಹುಡುಗರು ಮುಖ ತಿರುಗಿಸುತ್ತಾರೆ, ಯಾಕೆಂದರೆ ಮೇಷ್ಟ್ರಿಗೆ ಚಹಾ ತಂದುಕೊಡುವವನೇ ಕೊನೆಗೆ ಸದಸ್ಯ. ಮೂರನೆಯದೂ ಒಂದಿತ್ತು, ಬಾಯಿಬಿಟ್ಟು ಯಾರೂ ಹೇಳದ್ದು: ಅದರಾಗ ನಮ್ಮವ್ರು ಎಷ್ಟು?

ದಾರಿ ತೋರಿಸಿದ್ದು ಐಟಿಐನ ವೆಲ್ಡರ್ ಟ್ರೇಡಿನ ಹುಡುಗ. "ಚೀಟಿ ಎತ್ರಿ ಸರ. ನಮ್ಮೂರಾಗ ದೇವರ ಪಲ್ಲಕ್ಕಿ ಹೊರಾಕ ಚೀಟಿನ ಎತ್ತತಾರ, ಯಾರೂ ಜಗಳ ಮಾಡಂಗಿಲ್ಲ." ಹಾಗೇ ಮಾಡಿದೆವು. ಪ್ರತಿ ತರಗತಿ ಮೂರು ಹೆಸರು ಕೊಡಬೇಕು, ಒಂದಾದರೂ ಹುಡುಗಿಯದು. ಎಲ್ಲ ಹೆಸರು ಎರಡು ಸ್ಟೀಲ್ ಡಬ್ಬಿಗೆ, ಹುಡುಗರದೊಂದು, ಹುಡುಗಿಯರದೊಂದು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಅಟೆಂಡರ್ ಅಕ್ಕನ ಕೈಯಲ್ಲಿ ಎತ್ತಿಸಿದೆವು. ಹಾಸ್ಟೆಲಿಗೆ ಬೇರೆ ಎರಡು ಸ್ಥಾನ. ಬಂದ ಹೆಸರುಗಳನ್ನು ನೋಡಿ ಪ್ರಾಂಶುಪಾಲರೊಬ್ಬರು "ಇವನು ಒಂದು ದಿನವೂ ಬಾಯಿ ಬಿಟ್ಟವನಲ್ಲ" ಎಂದು ಗೊಣಗಿದರು. ಅವನೇ ಮುಂದೆ ಬಸ್ಸಿನ ಲೆಕ್ಕ ಹಿಡಿದವನು.

ಕಾಲೇಜಿನ ಹೊರಗಿನ ಯುವಜನರ ವಿಷಯದಲ್ಲಿ ನಮ್ಮ ಬುದ್ಧಿ ಓಡಲಿಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಗುಳೆ ಹೋದವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಕೊನೆಗೆ ಪಂಕ್ಚರ್ ಅಂಗಡಿಯ ಒಬ್ಬ ಹುಡುಗ, ಹೊಲಿಗೆ ಕಲಿಸುವ ಒಬ್ಬ ಹೆಣ್ಣುಮಗಳು, ಹೀಗೆ ಸಿಕ್ಕವರನ್ನು ಕರೆದೆವು. ಎರಡನೇ ಸಭೆಯಲ್ಲಿ ಆ ಪಂಕ್ಚರ್ ಅಂಗಡಿಯ ಹುಡುಗ ನಿರುದ್ಯೋಗಿಗಳಿಗೆ ಸರ್ಕಾರ ಕೊಡುವ ಯುವನಿಧಿಯ ಬಗ್ಗೆ ಕೇಳಿದ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ಎಂದು ವಿವರಿಸಿದೆವು. "ಅಂದ್ರ ಹತ್ತನೇತ್ತ ಫೇಲಾದವ್ರು ನಿರುದ್ಯೋಗಿಗಳಲ್ಲ ಅಂದಂಗಾತು" ಅಂದ. ಅದಕ್ಕೆ ತಾಲ್ಲೂಕು ಮಟ್ಟದಲ್ಲಿ ಉತ್ತರವಿಲ್ಲ. ಮಾತು ಮಾತ್ರ ನಡಾವಳಿಗೆ ಏರಿತು.

ಅಧಿಕಾರಿಗಳು ಒಂಬತ್ತರಿಂದ ಐದಕ್ಕೆ ಇಳಿದರು, ಸಾರಿಗೆ ಘಟಕದ ವ್ಯವಸ್ಥಾಪಕರು ಸೇರಿ. ಸಭೆ ಎರಡನೇ ಶನಿವಾರ ಮಧ್ಯಾಹ್ನ, ಕಚೇರಿಯ ಸಭಾಂಗಣದಲ್ಲಲ್ಲ, ಕಾಲೇಜಿನ ಗ್ರಂಥಾಲಯದಲ್ಲಿ. ರಜೆಯ ದಿನ ಬರಬೇಕಾಗಿ ಬಂದದ್ದಕ್ಕೆ ಅಧಿಕಾರಿಗಳಿಗೆ ಸಿಟ್ಟು. ಒಗ್ಗರಣಿ-ಮಿರ್ಚಿ ತರಿಸಿ ಸಮಾಧಾನ ಮಾಡಿದೆವು, ಅದರ ದುಡ್ಡು ಸಿಬ್ಬಂದಿಯ ವಂತಿಗೆಯಿಂದ. ಮಂಡಳಿಗೆ ಲೆಕ್ಕ ಶೀರ್ಷಿಕೆಯೇ ಇಲ್ಲವಲ್ಲ. ಸದಸ್ಯೆಯರಿಗೆ ಬರುಹೋಗುವ ಖರ್ಚಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಹುಡುಗರು ಪಾಸು ನಡೆಯದ ದಾರಿಯಲ್ಲಿ ಟಿಕೆಟ್ ತೆಗೆಸಿ ಬಂದರು, ಅದನ್ನು ಹೇಳಿ ಹೇಳಿ ಹುಡುಗಿಯರ ಕೈಲಿ ನಗಿಸಿಕೊಂಡರು.

ನಾಲ್ಕು ಗಂಟೆಯ ಬಸ್ಸು

ಮಂಡಳಿ ಎಂಥದ್ದು ಎಂದು ನನಗೆ ಅರ್ಥವಾದದ್ದು ಬಸ್ಸಿನ ಪ್ರಕರಣದಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾಲೇಜು ಬಿಡುವುದು ನಾಲ್ಕೂವರೆಗೆ. ಮಳೆ ನಂಬಿದ ಕಡೆಯ ಹಳ್ಳಿಗಳಿಗೆ ಬಸ್ಸು ನಾಲ್ಕಕ್ಕೆ. ಅದರ ಮುಂದಿನದು ಏಳಕ್ಕೆ ಹತ್ತಿರ. ಇಳಿದ ಮೇಲೆ ಡಾಂಬರು ರಸ್ತೆಯಿಂದ ಊರೊಳಗೆ ಕತ್ತಲಲ್ಲಿ ನಡೆಯಬೇಕು. ಹಾಗಾಗಿ ಹುಡುಗಿಯರು ಮೂರೂವರೆಗೇ ಎದ್ದುಬಿಡುತ್ತಾರೆ. ನನ್ನದೇ ಕೊನೆಯ ತರಗತಿ ಇದ್ದ ದಿನಗಳಲ್ಲಿ ಅರ್ಧ ಬೆಂಚು ಖಾಲಿ. ಆಸಕ್ತಿ ಇಲ್ಲದವರು ಎಂದು ನಾನೂ ಬೈದುಕೊಂಡದ್ದುಂಟು.

ಘಟಕದ ವ್ಯವಸ್ಥಾಪಕರು ಸಭೆಗೆ ಟಿಕೆಟ್ ಯಂತ್ರದ ಮುದ್ರಿತ ಹಾಳೆ ತಂದಿದ್ದರು. ಒಳ್ಳೆಯ ಮನುಷ್ಯ, ಲೆಕ್ಕದಲ್ಲಿ ಗಟ್ಟಿ. "ನೋಡ್ರಿ, ನಾಲ್ಕರ ಬಸ್ಸು ದಿನಾ ತುಂಬಿ ಹೋಗ್ತಾದ. ಮಹಿಳೆಯರ ಶೂನ್ಯ ಟಿಕೆಟ್ಟ ಜಾಸ್ತಿ. ಟೈಮ್ ಸರಿ ಅದ ಅಂತನ ಇದರ ಅರ್ಥ." ಹಾಳೆಯಲ್ಲಿ ಸುಳ್ಳಿರಲಿಲ್ಲ. ಬಸ್ಸು ತುಂಬುತ್ತಿತ್ತು.

ಆಗ ಬಾಯಿ ಬಿಡದವನು ಎಂದು ಹೆಸರಾದ ಆ ಹುಡುಗ ಎದ್ದು ತನ್ನ ನೋಟುಪುಸ್ತಕ ಮೇಜಿನ ಮೇಲಿಟ್ಟ. ಆರು ದಿನ ಮೂರು ತರಗತಿಗಳ ಕೊನೆಯ ಪಿರಿಯಡ್ಡಿನಲ್ಲಿ ಎಷ್ಟು ಜನ ಎದ್ದು ಹೋದರು, ಯಾವ ಊರಿನವರು ಎಂದು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದ, ಐದಕ್ಕೊಂದು ಅಡ್ಡಗೆರೆ. ಪಕ್ಕದಲ್ಲಿ ನಮ್ಮ ಹಾಜರಿ ಪುಸ್ತಕ ಇತ್ತು. ನಾಲ್ಕರ ಬಸ್ಸಿನ ದಾರಿಯ ಊರುಗಳ ಹುಡುಗಿಯರ ಹೆಸರಿನ ಮುಂದೆ ಕೊನೆಯ ಪಿರಿಯಡ್ಡಿನ ಸಾಲಿನಲ್ಲಿ ಗೈರು, ಗೈರು, ಗೈರು. ಹಾಜರಿ ನೂರಕ್ಕೆ 75ರ ಕೆಳಗೆ ಬಿದ್ದರೆ ಪರೀಕ್ಷೆಯ ಹಾಲ್ ಟಿಕೆಟ್ಟಿಗೆ ತೊಂದರೆ.

ವ್ಯವಸ್ಥಾಪಕರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರ ಯಂತ್ರದಲ್ಲಿ ಲಾಭವಾಗಿ ಕಂಡದ್ದು ನಮ್ಮ ಪುಸ್ತಕದಲ್ಲಿ ನಷ್ಟವಾಗಿ ಕೂತಿತ್ತು. ಸಾರಿಗೆಯವರ ಸಭೆಯಲ್ಲಿ ಹಾಜರಿ ಪುಸ್ತಕ ತೆರೆಯುವುದಿಲ್ಲ, ಕಾಲೇಜಿನ ಸಭೆಯಲ್ಲಿ ಟಿಕೆಟ್ ಹಾಳೆ ಬರುವುದಿಲ್ಲ. ಎರಡೂ ಒಂದೇ ಮೇಜಿಗೆ ಬಂದದ್ದು ಆ ಶನಿವಾರ. ಇಂಥ ಮಂಡಳಿಗೆ ಬೇರೆ ಸಮಿತಿಗಳಿಗಿಲ್ಲದ ಏನಾದರೂ ಕೆಲಸ ಇದ್ದರೆ ಅದು ಇದು ಎಂದು ನನ್ನ ಅನಿಸಿಕೆ.

ಆದರೂ ಬಸ್ಸು ಮರುದಿನವೇ ಬದಲಾಗಲಿಲ್ಲ. ಅದೇ ಗಾಡಿ ವಾಪಸು ಬಂದು ಆರಕ್ಕೆ ಇನ್ನೊಂದು ದಾರಿಗೆ ಹೋಗಬೇಕು. ಚಾಲಕ-ನಿರ್ವಾಹಕರ ಡ್ಯೂಟಿಯ ಗಂಟೆ ಅದಕ್ಕೆ ಹೊಂದಿಸಿದ್ದು. ನಲವತ್ತು ನಿಮಿಷ ತಳ್ಳಿದರೆ ಆ ದಾರಿಯವರು ಬೀದಿಗೆ ಬರುತ್ತಾರೆ. ಈ ಕಷ್ಟ ನಮಗ್ಯಾರಿಗೂ ಗೊತ್ತಿರಲಿಲ್ಲ, ನಾವು ಸುಮ್ಮನೆ ಘೋಷಣೆ ಕೂಗುತ್ತಿದ್ದೆವು. ಎರಡು ಸಭೆಗಳ ನಂತರ ಮಧ್ಯಾಹ್ನದ ಒಂದು ಖಾಲಿ ಟ್ರಿಪ್ಪನ್ನು ಕೈಬಿಟ್ಟು, ಆ ಗಾಡಿಯನ್ನು 4.40ಕ್ಕೆ ಬಿಡುವುದೆಂದಾಯಿತು. ನಮ್ಮ ಕಾಲೇಜೂ ಊಟದ ಬಿಡುವನ್ನು ಹತ್ತು ನಿಮಿಷ ಕತ್ತರಿಸಿಕೊಂಡಿತು. ಅದಕ್ಕೆ ಸಿಬ್ಬಂದಿ ಕೊಠಡಿಯಲ್ಲಿ ಆದ ಗಲಾಟೆ ಬೇರೆಯೇ ಕಥೆ.

ಟಪಾಲಿನ ನಂಬರು

ಮಂಡಳಿಯ ಎರಡನೇ ಕರಡಿನಲ್ಲಿ ಒಂದು ಸಾಲು ಹೊಸದು: ಪ್ರತಿ ವಿಷಯಕ್ಕೂ ಮೂವತ್ತು ದಿನದೊಳಗೆ ಲಿಖಿತ ಉತ್ತರ, ತಾಲ್ಲೂಕಿನಲ್ಲಿ ಆಗದ್ದಾದರೆ ಯಾವ ಕಚೇರಿಗೆ, ಯಾವ ಪತ್ರಸಂಖ್ಯೆಯಲ್ಲಿ ಕಳಿಸಿದ್ದಾರೆ ಎಂಬುದನ್ನು ಬರೆಯಬೇಕು. ಹಿಂದಿನ ಸಭೆಯ ವಿಷಯಗಳು ಏನಾದವು ಎಂಬ ಅನುಪಾಲನಾ ವರದಿ ಓದದೆ ಮುಂದಿನ ಸಭೆ ಶುರುವಾಗಕೂಡದು. ಸಲಹಾ ಮಂಡಳಿಗೆ ಅಧಿಕಾರವಿಲ್ಲ, ಸರಿ. ಆದರೆ ಉತ್ತರ ಕೇಳುವ ಹಕ್ಕೂ ಇಲ್ಲದಿದ್ದರೆ ಅದು ಚಹಾಕೂಟ.

ಹುಡುಗರು ಇದನ್ನು ಹಿಡಿದುಕೊಂಡ ರೀತಿ ನೋಡಿ ನನಗೇ ಆಶ್ಚರ್ಯ. ಮನವಿ ಕೊಟ್ಟು ಫೋಟೊ ಹೊಡೆಸಿಕೊಂಡು ಬರುವ ರೂಢಿ ನಮ್ಮ ಕಡೆ ಹಳೆಯದು. ಈಗ ಟಪಾಲು ವಿಭಾಗದ ಮುಂದೆ ನಿಂತು, "ಅಕ್ಕಾರ, ಸ್ವೀಕೃತಿ ನಂಬರ್ ಹಾಕಿ ಕೊಡ್ರಿ, ತಾರೀಖೂ ಹಾಕ್ರಿ" ಎನ್ನತೊಡಗಿದರು. ಗುಮಾಸ್ತೆಗೆ ಮೊದಲು ಕಿರಿಕಿರಿ. ಆಮೇಲೆ ಅವರೇ "ಎರಡನೇ ಪ್ರತಿ ತಂದೀಯೇನ?" ಎಂದು ಕೇಳುವಷ್ಟು ಪಳಗಿದರು.

ವಿದ್ಯಾರ್ಥಿವೇತನದ ತೊಡಕು ಬಿಚ್ಚಿದ್ದೂ ಹೀಗೇ. ಹಾಸ್ಟೆಲ್ ಸೀಟು ಸಿಗದವರಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಿಂದ ಆಗ ತಿಂಗಳಿಗೆ 1,500ರಂತೆ ಬರುತ್ತಿದ್ದ ಹತ್ತು ತಿಂಗಳ ಹಣ ಊಟ-ವಸತಿಗೆ ಆಸರೆ. ಅದಾಗಲಿ ಬೇರೆ ವಿದ್ಯಾರ್ಥಿವೇತನವಾಗಲಿ ನಿಲ್ಲುವುದು ಸಣ್ಣ ಸಣ್ಣ ಗಂಟುಗಳಲ್ಲಿ: ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಒಪ್ಪುತ್ತಿಲ್ಲ. ಇವೆಲ್ಲ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದನ್ನು ಹಾಸ್ಟೆಲಿನ ಸದಸ್ಯೆ ಹೇಳಿದಳು. "ಓಟಿಪಿ ಅಪ್ಪನ ಫೋನಿಗೆ ಬರ್ತಾದ ಸರ. ಅಪ್ಪ ಬೆಂಗಳೂರಾಗ ಸ್ಲ್ಯಾಬಿನ ಮ್ಯಾಲ ಇರ್ತಾನ. ಕೆಳಗ ಇಳಿದು ಫೋನ್ ನೋಡಾದ್ರಾಗ ಟೈಮ್ ಮುಗೀತದ." ಅರ್ಜಿ ತುಂಬಲು ಕಂಪ್ಯೂಟರ್ ಕೊಠಡಿ ತೆರೆದಿರುತ್ತಿದ್ದದ್ದು ಹತ್ತರಿಂದ ಐದು. ಅಪ್ಪ ಫೋನು ಎತ್ತುವುದು ಏಳರ ಮೇಲೆ. ನಾಡಕಚೇರಿಯವರು, ಆಧಾರ್ ಕೇಂದ್ರದವರು, ಬ್ಯಾಂಕಿನವರು ಒಟ್ಟಿಗೆ ಕೂತ ಶಿಬಿರ ಒಂದು ಭಾನುವಾರ ಹಾಸ್ಟೆಲಿನಲ್ಲಿ ನಡೆಯಿತು; ಮೊಬೈಲ್ ನಂಬರನ್ನು ತಮ್ಮದಕ್ಕೆ ಬದಲಿಸಿಕೊಂಡವರು ಎಷ್ಟೋ ಮಂದಿ.

ಆಗದೆ ಉಳಿದ ಪಟ್ಟಿ ಉದ್ದವಿದೆ. ಅತಿಥಿ ಉಪನ್ಯಾಸಕರು ಸೆಮಿಸ್ಟರ್ ಅರ್ಧ ಮುಗಿದ ಮೇಲೆ ಬರುವುದು ತಪ್ಪಲಿಲ್ಲ. "ಸರ್ಕಾರದ ಹಂತದಲ್ಲಿ ತೀರ್ಮಾನವಾಗಬೇಕಾದ ವಿಷಯ" ಎಂಬ ಉತ್ತರ ಪತ್ರಸಂಖ್ಯೆ ಸಮೇತ ಬಂತು, ಅಷ್ಟೇ. ಹುಡುಗಿಯರ ಹಾಸ್ಟೆಲಿಗೆ ಸೀಟು ಹೆಚ್ಚಲಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಪರೀಕ್ಷೆ ಇಡಬೇಡಿ ಎಂಬ ಕೋರಿಕೆ ವಿಶ್ವವಿದ್ಯಾಲಯದವರೆಗೆ ಹೋಗಿ ಅಲ್ಲೇ ಕೂತಿದೆ. ರಾಯಚೂರಿಗೆ ದೊಡ್ಡ ಸಂಸ್ಥೆ ಬೇಕೆಂಬ ಮಾತು ಬಂದಾಗಲೆಲ್ಲ ಸಭೆ ಬಿಸಿಯಾಗುತ್ತಿತ್ತು. ಪ್ರಾದೇಶಿಕ ಅಸಮತೋಲನದ ಬಗೆಗಿನ ನಂಜುಂಡಪ್ಪ ವರದಿ ಇಲ್ಲಿಗೆಂದ ಐಐಟಿ 2016ರಲ್ಲಿ ಧಾರವಾಡದಲ್ಲಿ ಶುರುವಾದದ್ದು, ಏಮ್ಸ್‌ಗಾಗಿ 2022ರಿಂದ ಜನ ಧರಣಿ ಕೂತದ್ದು ಇಲ್ಲಿನ ಹುಡುಗರ ಬಾಯಲ್ಲೇ ಇದೆ. ಆ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ಎದ್ದ ದಿನ ಬಸ್ಸು, ಓಟಿಪಿ ಹಿಂದೆ ಬೀಳುತ್ತಿದ್ದವು. ಒಂದು ಸಭೆ ಪೂರ್ತಿ ಹಾಗೇ ಹೋಯಿತು.

ಆಮೇಲೆ ಎಸಿ ಸಾಹೇಬರ ವರ್ಗ ಆಯಿತು. ಮಂಡಳಿ ನಿಂತದ್ದು ಅವರ ಅಧಿಕೃತ ಜ್ಞಾಪನದ ಮೇಲೆ. ಸರ್ಕಾರಿ ಆದೇಶ ಅಲ್ಲ, ಕಾಯ್ದೆಯಂತೂ ಅಲ್ಲವೇ ಅಲ್ಲ. ಕೇರಳ 2014ರಲ್ಲಿ ಕಾಯ್ದೆ ತಂದು ಯುವಜನ ಆಯೋಗ ಮಾಡಿಕೊಂಡಿದೆ. ಅಲ್ಲಿ ಅಧಿಕಾರಿ ಬದಲಾದರೂ ಆಯೋಗಕ್ಕೆ ವರ್ಗವಿಲ್ಲ. ನಮ್ಮದು ಒಂದು ಸಹಿಯ ಮೇಲೆ ನಿಂತ ಗುಡಿಸಲು. ಎರಡು ಶನಿವಾರ ಸಭೆ ಇಲ್ಲದೆ ಕಳೆದವು. ಈ ಬರಹ ಹುಟ್ಟಿದ್ದೂ ಆ ಎರಡು ತಿಂಗಳ ಕಸಿವಿಸಿಯಲ್ಲೇ.

ಹೊಸದಾಗಿ ಬಂದವರು ಮೂರನೇ ತಿಂಗಳು ನನ್ನನ್ನೂ ಇಬ್ಬರು ಸದಸ್ಯೆಯರನ್ನೂ ಕರೆಸಿದರು. "ಇದು ಯಾವ ಆದೇಶದ ಪ್ರಕಾರ ನಡೀತದ?" ಎಂದು ಕೇಳಿದರು. ಕಡತ ಸಿಗುತ್ತಿಲ್ಲ ಎಂದರು ವಿಷಯ ನಿರ್ವಾಹಕರು. ಮೊದಲ ಸಭೆಯಲ್ಲಿ ಮೂರು ನಿಮಿಷ ಮಾತಾಡಿದ್ದ ಆ ಹುಡುಗಿ ಈಗ ಬಿ.ಎ. ಕೊನೆಯ ವರ್ಷ. ಮೊಬೈಲ್ ತೆಗೆದು ಜ್ಞಾಪನದ ಫೋಟೊ ತೋರಿಸಿದಳು, ನಂಬರು, ತಾರೀಖು, ಮೊಹರು ಸಮೇತ. ಆಮೇಲೆ ಉತ್ತರ ಬಾಕಿ ಇರುವ ಒಂಬತ್ತು ಪತ್ರಗಳ ಸ್ವೀಕೃತಿ, ಒಂದಾದ ಮೇಲೊಂದು ಸರಿಸುತ್ತ ಹೋದಳು. ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು. "ಮೊಬೈಲ್ ಗೀಳು" ಎಂದು ನನಗೆ ಒಳಗೊಳಗೇ ನಗು.

ಎರಡನೇ ಶನಿವಾರ ಎರಡು ಗಂಟೆಗೆ ಸಭೆ ಎಂದು ಬರೆಸಿದರು. ಅವಳು ತಡೆದಳು. "ಒಂದೂವರೆಗೆ ಇಡ್ರಿ ಸರ. ನಮಗ 4.40ಕ್ಕ ಬಸ್ಸದ."